ಮಾಲೆ ಹಾಕಿದ ಮೂರನೇ ದಿನ

"ನಮ್ಮ ಬಿಲ್ಡಿಂಗ್ ವಾಚ್‌ಮನ್ ನಿಮ್ಮ ಎಚ್.ಡಿ. ಕೋಟೆ ಕಡೆಯೋನು. ಕುಡಿಯೋದು ಬಿಟ್ಟೆ ಅಂತ ಊರಿಗೆ ಹೋದ, ವಾರದೊಳಗೆ ಮತ್ತೆ ಕುಡ್ಕೊಂಡೇ ಬಂದ. ಮಾತಿಗೆ ನಿಲ್ಲದ ಜನ ಕಣೋ ನೀವು. ಬಾರ್ಡರಲ್ವಾ, ಗದರಿಸಿ ಹೇಳೋರಿಲ್ಲ" ಅಂತ ಬರೆದಿದ್ದೀಯ. ಮೈಸೂರಿನ ಕುವೆಂಪುನಗರದಲ್ಲಿ ಕೂತು ಬರೆಯೋಕೆ ಸುಲಭ ಕಣಯ್ಯ. ಹೇಳೋರಿಗೆ ಇಲ್ಲೇನೂ ಬರ ಬಂದಿಲ್ಲ. ಹೆಂಡತಿ ಹೇಳ್ತಾಳೆ, ಆಶಾ ಕಾರ್ಯಕರ್ತೆ ಹೇಳ್ತಾಳೆ, ಮೇಷ್ಟ್ರು ಹೇಳ್ತಾರೆ, ಸ್ತ್ರೀಶಕ್ತಿ ಸಂಘದ ಹೆಂಗಸರು ಅಂಗಡಿ ಮುಂದೆ ಕೂತೇ ಹೇಳ್ತಾರೆ. ಮಾತು ಕೇಳಿ ಬಿಡೋರೂ ಬೇಕಾದಷ್ಟು ಜನ. ಬಿಟ್ಟ ಮೇಲೆ ಏನಾಗುತ್ತೆ ಅನ್ನೋದೇ ನಮ್ಮ ದಿನನಿತ್ಯದ ಒದ್ದಾಟ.

ಮೊದಲು ಈ ಗಡಿ ವಿಷಯ ಮುಗಿಸಿಬಿಡ್ತೀನಿ. ಹೆಗ್ಗಡದೇವನಕೋಟೆ ದಾಟಿದ್ರೆ ಅಂತರಸಂತೆ, ಆಮೇಲೆ ನಾಗರಹೊಳೆ ಕಾಡು, ಕಾಡಿನಾಚೆ ಬಾವಲಿ, ಡಿ.ಬಿ. ಕುಪ್ಪೆ. ಕಬಿನಿಯ ಆ ದಡ ವಯನಾಡು, ಈ ದಡ ಮೈಸೂರು ಜಿಲ್ಲೆ. ಎಣ್ಣೆ ಕೇರಳದಿಂದ ಇಳಿಯುತ್ತೆ ಅಂದ್ಕೊಂಡಿದ್ದೀಯಲ್ಲ, ಅದು ಉಲ್ಟಾ. ತಿಂಗಳ ಒಂದನೇ ತಾರೀಕು ಅವರ ಮದ್ಯದಂಗಡಿಗಳಿಗೆ ಬೀಗ. ಅವತ್ತು ಹೊಳೆ ದಾಟಿ ಈಚೆಗೆ ಬರೋರು ಅವರೇ. ಸಾರಾಯಿಯನ್ನ ಅವರು 1996ರಲ್ಲಿ ನಿಲ್ಲಿಸಿದ್ರು, ನಾವು 2007ರ ಜುಲೈ 1ಕ್ಕೆ. ಸಾರಾಯಿ ಪ್ಯಾಕೆಟ್ ಇದ್ದ ಜಾಗಕ್ಕೆ 90 ಎಂ.ಎಲ್. ವಿಸ್ಕಿ ಪ್ಯಾಕೆಟ್ ಬಂದು ಕೂತ್ಕೊಂತು. ರಾಜ್ಯದ 2025-26ರ ಬಜೆಟ್‌ನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಈ ಲೆಕ್ಕಕ್ಕೆ ಬಂದಾಗ ಮಾತ್ರ ಯಾರಿಗೂ ನಾವು ಬಾರ್ಡರ್ ಅನ್ನಿಸಲ್ಲ, ನಡುಮನೆಯೇ.

ಲೈಸೆನ್ಸ್ ಇರೋ ಅಂಗಡಿ ಪೇಟೆಯಲ್ಲಿ. ಹಳ್ಳಿಗೆ, ಆದಿವಾಸಿಗಳ ಹಾಡಿಗೆ ಪ್ಯಾಕೆಟ್ ಬೈಕಿನಲ್ಲಿ ಬರುತ್ತೆ, ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ-ಬೆಂಕಿಪೊಟ್ಟಣದ ಹಿಂದೆ ಇರುತ್ತೆ, ಎಂ.ಆರ್.ಪಿ. ಮೇಲೆ ಒಂದಷ್ಟು ಸೇರಿಸಿ ಸಾಲಕ್ಕೂ ಕೊಡ್ತಾರೆ. ಶುಂಠಿ ಹೊಲದ ಬಟವಾಡೆ ದಿನ ಸಾಲ ಚುಕ್ತಾ. ದೂರು ಕೊಟ್ರೆ ಅಬಕಾರಿ ಕಾಯ್ದೆಯಲ್ಲಿ ಕೇಸು ಹಾಕ್ತಾರೆ, ಸ್ಟೇಷನ್ನಿನಲ್ಲೇ ಜಾಮೀನು, ಮಾರನೇ ದಿನ ಅದೇ ಪೆಟ್ಟಿಗೆ, ಅದೇ ಬೀಡಿ. ಇದನ್ನ ನಿನಗೆ ಬಿಡಿಸಿ ಹೇಳೋದೇನಿದೆ, ನಿಮ್ಮ ಬಡಾವಣೆಯಲ್ಲಿ ಇಂಥದೇ ಬೋರ್ಡು ಹಾಕ್ಕೊಂಡಿರುತ್ತೆ, ಅಷ್ಟೇ.

"ಬರೀ ಒಂದು ಪ್ಯಾಕೆಟ್" ಅಂತಾರಲ್ಲ, ಅದರ ಲೆಕ್ಕ ನೋಡು. ವಿಸ್ಕಿ, ರಮ್ಮಿನಲ್ಲಿ ಆಲ್ಕೋಹಾಲ್ ಶೇ 42.8. ತೊಂಬತ್ತರ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ, 180 ಎಂ.ಎಲ್. ಕ್ವಾರ್ಟರಿನಲ್ಲಿ 60 ಗ್ರಾಂ. ಡಾಕ್ಟರು 'ಒಂದು ಡ್ರಿಂಕ್' ಅನ್ನೋದು 10 ಗ್ರಾಮಿಗೆ. ಅಂದ್ರೆ ಒಂದು ಪ್ಯಾಕೆಟ್ ಮೂರು ಡ್ರಿಂಕ್. ಬೀಗಬೇಡ, ನೀನು ಕಬಿನಿ ರೆಸಾರ್ಟಿಗೆ ಬಂದಾಗ ಕುಡಿಯೋ ಸ್ಟ್ರಾಂಗ್ ಬಿಯರಿನ 650 ಎಂ.ಎಲ್. ಬಾಟಲಿಯಲ್ಲಿ 36ರಿಂದ 40 ಗ್ರಾಂ ಇರುತ್ತೆ, ಪ್ಯಾಕೆಟ್ಟಿಗಿಂತ ಜಾಸ್ತಿ.

ಈಗ ನಿನ್ನ ವಾಚ್‌ಮನ್ ವಿಷಯಕ್ಕೆ ಬರೋಣ. ಇಲ್ಲಿ ಜನ ಬಿಡೋದು ಹೇಗೆ ಗೊತ್ತಾ? ಶಬರಿಮಲೆಗೆ ಮಾಲೆ ಹಾಕ್ತಾರೆ, ಇಲ್ಲಾಂದ್ರೆ ಮಾದಪ್ಪನ ಮೇಲೆ ಆಣೆ ಇಡ್ತಾರೆ. ರಾತ್ರಿ ಎರಡು ಕ್ವಾರ್ಟರ್ ಹಾಕಿದೋನು ಬೆಳಿಗ್ಗೆ ಸ್ನಾನ ಮಾಡಿ ಒಂದೇ ಏಟಿಗೆ ನಿಲ್ಲಿಸ್ತಾನೆ. ಭಕ್ತಿಗೆ ಕಮ್ಮಿಯಿಲ್ಲ. ಆರೇಳು ಗಂಟೆ ಕಳೆದ್ರೆ ಕೈ ನಡುಕ ಶುರು, ಬೆವರು, ವಾಂತಿ ಬಂದ ಹಾಗೆ. ಕಾಫಿ ಲೋಟವನ್ನ ಬಾಯಿಗೆ ಎತ್ತಕ್ಕಾಗಲ್ಲ; ನೆಲದ ಮೇಲಿಟ್ಟು ಎರಡೂ ಕೈಯಲ್ಲಿ ಅದುಮಿ ಹಿಡಿದು, ಬಗ್ಗಿ ಬಾಯನ್ನೇ ಲೋಟದ ಹತ್ರ ತರ್ತಾನೆ. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಾಂತಿ. ನಿದ್ದೆ ಇಲ್ಲ, ಮೈ ಕಾದಿರುತ್ತೆ, ಗೋಡೆ ಮೇಲೆ ಇರುವೆ ಸಾಲು ಹರೀತಿದೆ ಅಂತಾನೆ, ಹೆಂಡತಿಯ ಗುರುತು ಸಿಗಲ್ಲ. ದಿನಾ ಮಾಡೋ ಕೆಲಸವನ್ನೇ ಗಾಳಿಯಲ್ಲಿ ಮಾಡ್ತಾನೆ: ಶುಂಠಿ ಕೀಳೋನು ಚಾಪೆ ಮೇಲೆ ಕೂತು ಶುಂಠಿ ಕಿತ್ತು ಮಣ್ಣು ಕೊಡವ್ತಾನೆ, ಟ್ರ್ಯಾಕ್ಟರಿನೋನು ಗೇರ್ ಹಾಕ್ತಾನೆ.

ನೋಡ್ದೋರು ಏನಂತಾರೆ? ಗಾಳಿ ಸೋಕಿದೆ. ವ್ರತ ಕೆಟ್ಟಿದೆ. ಬೇವಿನ ಸೊಪ್ಪು, ತಾಯತ, ಕಂಬಕ್ಕೆ ಕಟ್ಟೋದು. ಅಷ್ಟರಲ್ಲಿ ಒಂದು ರಾತ್ರಿ ಹೋಗಿರುತ್ತೆ, ಮೈಯಲ್ಲಿ ನೀರು ಬತ್ತಿರುತ್ತೆ. ಚಿಕಿತ್ಸೆ ಸಿಗದಿದ್ರೆ ಜೀವವೂ ಹೋಗಬಹುದು. ಇಲ್ಲಾಂದ್ರೆ ಯಾರೋ ತಿಳಿದೋರು "ಒಂದು ತೊಂಬತ್ತು ಕುಡಿಸ್ರೋ, ಸರಿ ಹೋಗ್ತಾನೆ" ಅಂತಾರೆ. ಕುಡಿಸ್ತಾರೆ. ನಡುಕ ನಿಲ್ಲುತ್ತೆ, ಮಾಲೆ ತೆಗೀತಾರೆ. ನಿನಗೆ ಕಂಡ 'ಮಾತಿಗೆ ನಿಲ್ಲದ ಜನ' ಇವರು.

ಕಾರಣ ಸೋಮಾರಿತನ ಅಲ್ಲವೇ ಅಲ್ಲ. ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ವರ್ಷಗಟ್ಟಲೆ ಗಾಡಿ ಓಡಿಸಿದೋನನ್ನ ನೆನೆಸ್ಕೊ. ಎಣ್ಣೆ ಮಿದುಳಿಗೆ ಬ್ರೇಕ್. ದಿನಾ ಬ್ರೇಕ್ ಇದ್ದಿದ್ದಕ್ಕೆ ಮಿದುಳು ಆಕ್ಸಿಲರೇಟರ್ ಜಾಸ್ತಿ ಒತ್ತೋದು ಕಲ್ತಿರುತ್ತೆ. ಒಂದೇ ಬೆಳಿಗ್ಗೆ ಬ್ರೇಕ್ ತೆಗೆದ್ರೆ ಗಾಡಿ ನುಗ್ಗದೆ ಏನ್ಮಾಡುತ್ತೆ? 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಅಂತ ಮದ್ಯದಂಗಡಿ ಮುಚ್ಚಿ ಮೇ 4ಕ್ಕೆ ತೆಗೆದ್ರಲ್ಲ, ಆಗ ಇಡೀ ರಾಜ್ಯಕ್ಕೇ ಮೂರನೇ ದಿನ ಬಂದಿತ್ತು. ನಡುಕ, ಫಿಟ್ಸ್, ಭ್ರಾಂತಿ ಅಂತ ನಗರದ ಆಸ್ಪತ್ರೆಗಳಿಗೂ ಜನ ಹೋದ್ರು. ಆಗ ಯಾರೂ ಗಡಿ ಜನ ಅನ್ನಲಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಎಣ್ಣೆ ಬದಲು ಬ್ರೇಕ್ ಹಿಡಿದು ನಿಧಾನಕ್ಕೆ ಬಿಡೋಕೆ ಕ್ಲೋರ್‌ಡಯಾಜೆಪಾಕ್ಸೈಡ್ ಅಂತ ಮಾತ್ರೆ ಇದೆ, ಲಿವರ್ ಕೆಟ್ಟಿದ್ರೆ ಲೋರಾಜೆಪಾಮ್. ಮೊದಲ ದಿನ ಹೆಚ್ಚು, ಆಮೇಲೆ ದಿನದಿನಕ್ಕೆ ಇಳಿಸ್ತಾ ಐದರಿಂದ ಹತ್ತು ದಿನದಲ್ಲಿ ನಿಲ್ಲಿಸ್ತಾರೆ. ಡೋಸು ಡಾಕ್ಟರದ್ದು, ಮಾತ್ರೆ ಪಟ್ಟಿ ಮನೆಯವರ ಕೈಯಲ್ಲಿ. ಮಾತ್ರೆ ತಗೊಂಡು ಮೇಲೆ ಎಣ್ಣೆ ಹಾಕಿದ್ರೆ ಉಸಿರೇ ನಿಧಾನ ಆಗಬಹುದು. ಜತೆಗೆ ಥಯಮಿನ್, ಅಂದ್ರೆ ಬಿ1. ಕುಡಿಯೋನು ಮುದ್ದೆ ಮುಟ್ಟಿ ಎಷ್ಟು ದಿನ ಆಗಿರುತ್ತೋ, ಮೈಯಲ್ಲಿ ಬಿ1 ಖಾಲಿ. ಇಲ್ಲೊಂದು ದೊಡ್ಡ ತಪ್ಪಾಗುತ್ತೆ: ಸುಸ್ತಾಗಿದಾನೆ ಅಂತ ಊರಲ್ಲೇ ಸೂಜಿ ಹಾಕೋರ ಹತ್ರ "ಒಂದು ಬಾಟಲಿ ಗ್ಲೂಕೋಸ್ ಹಾಕಿ" ಅಂತಾರೆ. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದ್ರೆ ಇದ್ದ ಚೂರು ಬಿ1 ಕೂಡ ಖರ್ಚಾಗಿ, ಕಣ್ಣು ತಿರುಗೋದು ತಪ್ಪಿ, ನಡಿಗೆ ತೂರಾಡಿ, ನೆನಪು ಕಾಯಮ್ಮಾಗಿ ಹೋಗಬಹುದು. ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್.

ಹಿಂದೆ ಫಿಟ್ಸ್ ಬಂದಿದ್ದೋನು, ಬೆಳಿಗ್ಗೆ ಎದ್ದ ತಕ್ಷಣ ನಡುಕಕ್ಕೆ ಕುಡಿಯೋನು, ಕಾಮಾಲೆ ಇರೋನು, ಊಟ ಬಿಟ್ಟು ದಿನಗಟ್ಟಲೆ ಆದೋನು, ಇಂಥೋರು ಮನೆಯಲ್ಲಿ ನಿಲ್ಲಿಸೋ ಹಾಗಿಲ್ಲ, ಅಡ್ಮಿಟ್ ಆಗ್ಬೇಕು. ಫಿಟ್ಸ್ ಬಂದ್ರೆ ಮಗ್ಗುಲಿಗೆ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಕೈಗೆ ಬೀಗದಕೈ ಕೊಡೋ ಶಾಸ್ತ್ರ ಬಿಡು, ಗಡಿಯಾರ ನೋಡು. ಐದು ನಿಮಿಷ ದಾಟಿದ್ರೆ ಅಥವಾ ಎಚ್ಚರ ಆಗೋ ಮುಂಚೆ ಇನ್ನೊಂದು ಬಂದ್ರೆ ಒಂದು ಕ್ಷಣ ತಡ ಮಾಡೋ ಹಾಗಿಲ್ಲ. 108 ಆಂಬುಲೆನ್ಸಿಗೆ ಮಾತ್ರ ಆ ಐದು ನಿಮಿಷ ಕಾಯದೆ, ಫಿಟ್ಸ್ ಶುರುವಾದ ತಕ್ಷಣ ಫೋನ್ ಮಾಡಿಬಿಡು.

ಅಡ್ಮಿಟ್ ಎಲ್ಲಿ ಅಂತ ಕೇಳು, ಆಗ ಗಡಿ ಬರುತ್ತೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋದು ಮಂಗಳವಾರ. ಮಾಲೆ ಹಾಕಿದ್ದು ಬುಧವಾರ ಆದ್ರೆ ಮೂರನೇ ದಿನ ಶುಕ್ರವಾರ. ಕೆ.ಆರ್. ಆಸ್ಪತ್ರೆ ಮೈಸೂರಿನಲ್ಲಿ. ಬಾವಲಿಯಿಂದ ಈಚೆ ಬರೋ ಕಾಡಿನ ರಸ್ತೆಗೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಗೇಟು. ಆಂಬುಲೆನ್ಸಿಗೆ ಬಿಡ್ತಾರೆ, ಆದ್ರೆ ಆಂಬುಲೆನ್ಸು ಕೋಟೆಯಿಂದ ಬಂದು ಸೇರಬೇಕಲ್ಲ. ಆಚೆ ಕಡೆ ವಯನಾಡಿನ ಮಾನಂದವಾಡಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಜೀಪು ಸಿಕ್ಕಿದೋರು ಅಲ್ಲಿಗೇ ಓಡ್ತಾರೆ. ಜೀವ ಉಳಿಯುತ್ತೆ. ವಾಪಸು ಬರುವಾಗ ಕೈಯಲ್ಲಿ ಇಂಗ್ಲಿಷ್ ಚೀಟಿ, ಮಾತ್ರೆ ಹೇಗೆ ತಗೋಬೇಕು ಅಂತ ಬಾಯಲ್ಲಿ ಹೇಳಿದ್ದು ಮಲಯಾಳದಲ್ಲಿ. ನಮಗೆ ಮಲಯಾಳ ಬರುತ್ತೆ ಬಿಡು. ಅದಕ್ಕೇ ನೀನು 'ಅರ್ಧ ಮಲಯಾಳಿ' ಅಂತ ಆಡ್ಕೊಳ್ಳೋದು. ಆ ಅರ್ಧ ಇಲ್ದಿದ್ರೆ ಎಷ್ಟೋ ಜನಕ್ಕೆ ಮಾತ್ರೆ ರಾತ್ರಿಗೋ ಬೆಳಿಗ್ಗೆಗೋ ಅನ್ನೋದೇ ತಿಳೀತಿರಲಿಲ್ಲ. ಇನ್ನೊಂದು ಹೇಳ್ತೀನಿ, ನಗಬೇಡ. ಮತದಾನಕ್ಕೆ 48 ಗಂಟೆ ಮುಂಚೆ ಅಂಗಡಿ ಮುಚ್ಚಿಸ್ತಾರಲ್ಲ, ಗಡಿ ಅಂಗಡಿಗಳನ್ನ ಪಕ್ಕದ ರಾಜ್ಯದ ಚುನಾವಣೆಗೂ ಮುಚ್ಚಿಸೋದುಂಟು. ಅವರು ಓಟು ಹಾಕ್ತಾರೆ, ನಮ್ಮೋರಿಗೆ ಫಿಟ್ಸ್ ಬರುತ್ತೆ.

ಇದೆಲ್ಲ ಸಾಲದು ಅಂತ ಪುಡಿ. "ಗೊತ್ತಾಗದ ಹಾಗೆ ಸಾರಿಗೆ ಬೆರೆಸಿ, ಕುಡಿತ ಬಿಡಿಸಿ" ಅನ್ನೋ ಜಾಹೀರಾತು ಬಸ್‌ಸ್ಟಾಂಡ್ ಗೋಡೆ ಮೇಲೂ ಇರುತ್ತೆ, ಫೋನಿನಲ್ಲೂ ಬರುತ್ತೆ. ಪುಡಿಯಲ್ಲಿ ಡೈಸಲ್ಫಿರಾಮ್ ಅನ್ನೋ ಔಷಧ ಇದ್ರೆ ಕುಡಿದ ಅರ್ಧ ಗಂಟೆಯೊಳಗೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿಯಾಗಿ, ಬಿ.ಪಿ. ಕುಸಿದು ಬೀಳ್ತಾನೆ. ಆ ಔಷಧ ಒಳ್ಳೇದೇ, ಆದ್ರೆ ರೋಗಿಗೆ ಹೇಳಿ, ಅವನು ಒಪ್ಪಿದ ಮೇಲೆ, ಕೊನೇ ಗುಟುಕಾಗಿ ಕನಿಷ್ಠ 12 ಗಂಟೆ ಕಳೆದ ಮೇಲೆ ಕೊಡೋದು. ನಿಲ್ಲಿಸಿ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು, ಅಲ್ಲೀವರೆಗೆ ಆಲ್ಕೋಹಾಲ್ ಇರೋ ಕೆಮ್ಮಿನ ಸಿರಪ್ಪು, ಅರಿಷ್ಟ ಕೂಡ ಜೋಪಾನ. ಹೆಂಡತಿ ಕದ್ದು ಬೆರೆಸಿದ್ದು ಗೊತ್ತಾದ್ರೆ ಅವನು ಆಮೇಲೆ ಮನೆಯ ಊಟವನ್ನೇ ಮುಟ್ಟಲ್ಲ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆ ಪ್ರಕಾರ ಮದ್ಯವ್ಯಸನಿಗಳಲ್ಲಿ 38 ಜನಕ್ಕೆ ಒಬ್ಬನಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಅದು ಇಡೀ ದೇಶದ ಲೆಕ್ಕ, ನಿಮ್ಮ ಕುವೆಂಪುನಗರವೂ ಸೇರಿ.

ನಿನ್ನ ವಾಚ್‌ಮನ್ ಇನ್ನೊಂದು ಸಲ ಬಿಡ್ತೀನಿ ಅಂದ್ರೆ ಗದರಿಸಬೇಡ. ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸು ಅನ್ನು. ನಡುಗ್ತಿದ್ಯಾ ನೋಡು. ಬೆಳಿಗ್ಗೆ ಎದ್ದ ತಕ್ಷಣ ಪ್ಯಾಕೆಟ್ ಬೇಕಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇವೆರಡು ಕೇಳು. ಒಂದಕ್ಕೆ ಹೌದು ಅಂದ್ರೂ ಊರಿನ ಬಸ್ ಹತ್ತಿಸಬೇಡ, ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ನೀನೇ ಕರ್ಕೊಂಡು ಹೋಗು, ನಿನ್ನ ಮನೆಯಿಂದ ಎಷ್ಟು ದೂರ ಅದು. ಅನುಮಾನ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ, ಹೊತ್ತುಗೊತ್ತು ಇಲ್ಲ. ಹತ್ತು ದಿನ ರಜ ಕೊಡು, ಸಂಬಳ ಹಿಡೀಬೇಡ. ಮಾಲೆಯನ್ನ ಆಮೇಲೆ ಹಾಕ್ಕೊಳ್ಳಲಿ.