ಹಿಂಡು ದೊಡ್ಡದು, ಜನ ಕಡಿಮೆ

ಪಶುಸಂಗೋಪನೆ ಓದಿ ಉತ್ತರ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಬಂದಿದ್ದೀರಿ, ಕ್ಯಾಥರೀನ್ ಪಟ್ಟಣದ ಆಚೆಯ ಒಂದು ಸ್ಟೇಷನ್ನಿನಲ್ಲಿ, ಅಂದರೆ ದನ ಸಾಕುವ ವಿಶಾಲ ಬಯಲಿನಲ್ಲಿ, ಕೆಲಸ ಸಿಕ್ಕಿದೆ. ಕುದುರೆ ಸವಾರಿ ಗೊತ್ತಿಲ್ಲದೆ ಅಲ್ಲಿ ಬಾಳುವೆ ನಡೆದೀತೇ ಎಂದು ಕೇಳಿದ್ದೀರಿ. ಖಂಡಿತ ನಡೆಯುತ್ತದೆ. ಈ ಸೀಮೆಯಲ್ಲಿ ಬಹುಕಾಲದಿಂದ ಇರುವ ನನ್ನನ್ನು ಕೇಳಿದರೆ, ಕೆಲಸ ಕೈಗೆ ಹತ್ತುತ್ತದೆ, ಜನರಿಲ್ಲದ ಬಯಲಿಗೆ ಒಗ್ಗಿಕೊಳ್ಳುವುದೇ ಕಷ್ಟ.

ಹಿಂದೆ ದನಗಳನ್ನು ಮಾರಾಟಕ್ಕೆ ತಿಂಗಳುಗಟ್ಟಲೆ ನಡೆಸಿಕೊಂಡು ಹೋಗುತ್ತಿದ್ದರು. ಈಗ ಸಾಲಾಗಿ ಟ್ರೇಲರ್ ಎಳೆಯುವ ಲಾರಿಗಳು ಅವನ್ನು ಬಂದರಿಗೆ ಒಯ್ಯುತ್ತವೆ, ಅಲ್ಲಿಂದ ಹಡಗು ಇಂಡೋನೇಷ್ಯಾಕ್ಕೆ. ಚದುರಿದ ಹಿಂಡನ್ನು ಹೆಲಿಕಾಪ್ಟರ್ ಕೂಡಿಹಾಕುತ್ತದೆ. ಕೊಳವೆಬಾವಿಯ ತೊಟ್ಟಿಯಲ್ಲಿ ನೀರೆಷ್ಟಿದೆ ಎಂಬುದನ್ನು ಮನೆಯಲ್ಲೇ ಕುಳಿತು ಪರದೆಯಲ್ಲಿ ನೋಡುವ ಸ್ಟೇಷನ್‌ಗಳೂ ಇವೆ.

ಆ ಹಳೆಯ ಕೆಲಸವನ್ನು ಹೊತ್ತವರಲ್ಲಿ ಹೆಚ್ಚಿನವರು ಇಲ್ಲಿನ ಮೂಲನಿವಾಸಿಗಳು. ಅವರದೇ ನೆಲ, ದುಡಿಮೆಯೂ ಅವರದೇ. ಕೂಲಿ ಮಾತ್ರ ಹಿಟ್ಟು, ಸಕ್ಕರೆ, ಚಹಾ, ಜೊತೆಗೆ ಪುಡಿಗಾಸು. 1966ರ ಆಗಸ್ಟ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಗುರಿಂಜಿ ಎಂಬ ಮೂಲನಿವಾಸಿ ಜನರು ವೇವ್ ಹಿಲ್ ಸ್ಟೇಷನ್ ಬಿಟ್ಟು ಹೊರನಡೆದರು. ಕೂಲಿಗೆಂದು ಶುರುವಾದದ್ದು ನೆಲದ ಹೋರಾಟವಾಯಿತು. ಒಂಬತ್ತು ವರ್ಷಗಳ ಬಳಿಕ, 1975ರಲ್ಲಿ, ಪ್ರಧಾನಿ ಗಾಫ್ ವಿಟ್ಲಮ್ ಅಲ್ಲಿಗೇ ಬಂದು ಲಿಂಗಿಯಾರಿ ಅವರ ಅಂಗೈಗೆ ಮಣ್ಣು ಸುರಿದು ಭೂಮಿಯನ್ನು ಒಪ್ಪಿಸಿದರು. ಆದರೆ ಅಷ್ಟರೊಳಗೆ ಇನ್ನೊಂದು ಅನ್ಯಾಯ ನಡೆದುಹೋಗಿತ್ತು. 1968ರ ಕೊನೆಗೆ ಮೂಲನಿವಾಸಿಗಳಿಗೂ ಸಮಾನ ವೇತನ ಜಾರಿಯಾದಾಗ ಎಷ್ಟೋ ಮಾಲೀಕರು ಕುಟುಂಬ ಕುಟುಂಬಗಳನ್ನೇ ಕೆಲಸದಿಂದ ಬಿಡಿಸಿದರು; ಅವರಿಲ್ಲದ ಜಾಗವನ್ನು ಬೇಲಿ, ಲಾರಿ, ಹೆಲಿಕಾಪ್ಟರ್ ತುಂಬಿದವು. ನೀವು ಮಲಗುವ ವಸತಿಯ ಸುತ್ತಲಿನ ಮೌನಕ್ಕೆ ಇದೂ ಕಾರಣ. ಆ ಮೂಲನಿವಾಸಿ ಮನೆತನಗಳ ಹಿರಿಯರು ಯಾರಾದರೂ ಜೊತೆಗೆ ಕೆಲಸ ಮಾಡುತ್ತಿದ್ದರೆ ಅವರ ಪಕ್ಕದಲ್ಲೇ ಇದ್ದು ಕಲಿಯಿರಿ.

ದೊಡ್ಡಿಯೊಳಗಿನ ಕೆಲಸ ಇಂದಿಗೂ ಮನುಷ್ಯರದೇ. ಬರೆ ಹಾಕುವುದು, ಕೊಂಬು ತೆಗೆಯುವುದು, ಬೀಜ ಒಡೆಯುವುದು, ಎಲೆಕ್ಟ್ರಾನಿಕ್ ಕಿವಿಯೋಲೆ ಚುಚ್ಚುವುದು. ಇಲ್ಲಿನ ದನಗಳಲ್ಲಿ ಬಹುಪಾಲು ಬ್ರಾಹ್ಮನ್ ತಳಿ. ಭಾರತದ ಗೀರ್, ಓಂಗೋಲ್, ಕಾಂಕ್ರೇಜ್ ದನಗಳಿಂದ ಅಮೆರಿಕದಲ್ಲಿ ರೂಪುಗೊಂಡು ಇಲ್ಲಿಗೆ ಬಂದದ್ದು. ಆ ಭುಜದ ಡುಬ್ಬ, ಆ ಗಂಗೆದೊಗಲು ಕಂಡಾಗ ನಿಮಗೆ ಪರಿಚಯದವರು ಸಿಕ್ಕಂತಾಗುತ್ತದೆ. ಆದರೆ ಇವು ಮನುಷ್ಯರ ಕೈ ಸೋಕದೆ ಬೆಳೆದವು, ಬಲು ಬೇಗ ಬೆದರುತ್ತವೆ. ಕೂಗಬೇಡಿ, ಕೋಲು ಬೀಸಬೇಡಿ. ಪಕ್ಕದಲ್ಲಿ ತುಸು ದೂರ ನಿಂತು, ಅದರ ತಲೆಯ ಕಡೆಯಿಂದ ಭುಜ ದಾಟಿ ಬಾಲದ ಕಡೆಗೆ ನಡೆಯಿರಿ, ದನ ಮುಂದಕ್ಕೆ ಹೆಜ್ಜೆ ಹಾಕುತ್ತದೆ. ಅದು ತಲೆಯೆತ್ತಿ ಎರಡೂ ಕಿವಿಗಳನ್ನು ನಿಮ್ಮತ್ತ ನಿಮಿರಿಸಿದರೆ ಅಲ್ಲಿಗೇ ನಿಲ್ಲಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಬಳದ ಜೊತೆ ಇಷ್ಟನ್ನು ಕೇಳಿಕೊಳ್ಳಿ: ಎಷ್ಟು ಜನ ಒಟ್ಟಿಗೆ ಊಟಕ್ಕೆ ಕೂರುತ್ತಾರೆ, ವಸತಿಯಲ್ಲಿ ಇಂಟರ್ನೆಟ್ ಇದೆಯೇ, ಮಳೆಗಾಲದಲ್ಲಿ ರಸ್ತೆ ಮುಳುಗಿದಾಗ ಕೆಲಸಗಾರರು ಎಲ್ಲಿರುತ್ತಾರೆ. ಸರಿಯಾದ ಉತ್ತರ ಕೊಡದ ಮಾಲೀಕರ ಬಳಿ ಹೋಗಬೇಡಿ, ಬೇರೆ ಸ್ಟೇಷನ್ ಹುಡುಕೋಣ.