ನಿಂತಿದ್ದ ಹಳೇ ಡೀಸೆಲ್ ಪಂಪ್‌ಸೆಟ್ ಸ್ಟಾರ್ಟ್ ಆಗ್ತಿಲ್ಲ, ಏನು ಮಾಡೋದು?

ಮೂರು ತಿಂಗಳು ನಿಂತಿದ್ದ ಇಂಜಿನ್, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಹತ್ತುತ್ತಿಲ್ಲ ಅಂದಿದ್ದೀರಿ. ಮೊದಲು ಹೊಗೆ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ, ಜಾಸ್ತಿ ಸಲ ಏರ್ ಹಿಡಿದಿರುತ್ತದೆ, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಆಮೇಲೆ ಡೀಸೆಲ್ ತಳ್ಳುವ ಪಂಪಿನ (ನೀರಿನ ಪಂಪ್ ಅಲ್ಲ) ಸ್ಕ್ರೂ, ಕೊನೆಗೆ ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ನ ಪೈಪಿನ ನಟ್, ಇವನ್ನೂ ಹೀಗೇ ಮಾಡಿ. ಚಿಮ್ಮುವ ಡೀಸೆಲ್‌ಗೆ ಕೈ ಅಡ್ಡ ಹಿಡಿಯಬೇಡಿ. ಮಂಡ್ಯದ ನಮ್ಮ ಕಬ್ಬಿನ ಗದ್ದೆಯಲ್ಲೂ ಇದೇ ಕಥೆ. ಎರಡು ದಿನ ಸುಮ್ನೆ ಬೆವರು ಸುರಿಸಿದೆವು, ಕೊನೆಗೆ ನೋಡಿದರೆ ಹಳೇ ವಾಷರ್ ಗಾಳಿ ಎಳೆಯುತ್ತಿತ್ತು!

ಬಿಳಿ ಹೊಗೆ ಬಂದರೆ ಬೇರೆ ಮಾತು. ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ, ಗಾಳಿ ಒತ್ತಿದ ಬಿಸಿಗೇ ಹತ್ತಬೇಕು. ಡಿಕಂಪ್ರೆಷನ್ ಲಿವರ್ (ತಿರುಗಿಸಲು ಹಗುರ ಆಗಲೆಂದು ಒಳಗಿನ ಗಾಳಿ ಬಿಡುವ ಹಿಡಿ) ಒತ್ತಿ ಹಿಡಿಯದೆ ಹ್ಯಾಂಡಲ್ ನಿಧಾನ ತಿರುಗಿಸಿ. ಕೈಗೆ ತಡೆಯೇ ಸಿಗದಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸವೆದು ಗಾಳಿ ಸೋರುತ್ತಿರಬಹುದು, ಮೆಕ್ಯಾನಿಕ್ ಕರೆಸಿ.