ಬೋವಜನು ಹೇಳಿದ್ದು ಯಾರಿಗೆ?

ಮನೆಯಲ್ಲಿ ಆರೈಕೆಯ ಹೊಣೆ ಹೊತ್ತ ಕೆಲಸಗಾರರನ್ನು ಕ್ರೈಸ್ತನಾದವನು ಹೇಗೆ ನಡೆಸಿಕೊಳ್ಳಬೇಕು, ಅದಕ್ಕೆ ಓದತಕ್ಕ ಪುಸ್ತಕ ಯಾವುದು ಎಂದು ಕೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಬರುವವರು ಹೆಚ್ಚಾಗಿ ಕರುಣೆ ತೋರಿಸಿ ತೋರಿಸಿ ದಣಿದ ಒಳ್ಳೆಯ ಧಣಿಗಳೇ. ಮಂಜೇಶ್ವರದ ಕಡೆಯ ಈ ಗೃಹಸ್ಥರೂ ಅಂಥವರು; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರದು ಸಣ್ಣ ಗೇರುಬೀಜದ ಕಾರ್ಖಾನೆ. ಅಲ್ಲಿ ಸಿಪ್ಪೆ ಸುಲಿಯುವ ಹೆಂಗಸೊಬ್ಬರ ಮಗ, ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ. ಹದಿಹರೆಯಕ್ಕೆ ಬಂದರೂ ತಾನಾಗಿ ಕುಳಿತುಕೊಳ್ಳಲಾರ. ತಾಯಿ ಆಗಾಗ ಬೇಗ ಹೊರಡುತ್ತಾರೆ, ಉಳಿದವರು ಗೊಣಗುತ್ತಾರೆ.

1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಬರೆದ ‘ಸೇವಕನೇ ನಾಯಕ’ ಎಂಬ ವಿಚಾರದ ಪ್ರಬಂಧವನ್ನು ಅವರು ಆಗಲೇ ಓದಿದ್ದರು. ಒಳ್ಳೆಯ ಓದೇ, ಆದರೆ ಅದರಿಂದ ಅವರು ತಮ್ಮ ಮನಸ್ಸನ್ನು ಮಾತ್ರ ತೂಗಿ ನೋಡುತ್ತಿದ್ದರು. ನಾನು ಎರಡನ್ನು ಕೊಟ್ಟೆ: ಬೈಬಲಿನ ರೂತಳ ಪುಸ್ತಕದ ಎರಡನೆಯ ಅಧ್ಯಾಯ, ಮತ್ತು ಪೋಪ್ ಎರಡನೆಯ ಜಾನ್ ಪೌಲರ 1981ರ ‘ಲಬೋರೆಮ್ ಎಕ್ಸೆರ್ಚೆನ್ಸ್’ ವಿಶ್ವಪತ್ರದ 19ನೆಯ ಭಾಗ. ದುಡಿಮೆಯ ವ್ಯವಸ್ಥೆಯೇ ಮನುಷ್ಯನ ಬದುಕಿಗೆ, ಅದರಲ್ಲೂ ಮನೆಯ ಬದುಕಿಗೆ, ಹೊಂದಿಕೊಳ್ಳಬೇಕೆಂದು ಅದು ಹೇಳುತ್ತದೆ.

ಮೂರನೆಯ ಭೇಟಿಯಲ್ಲಿ ಅವರು ಬೈಬಲ್ ತೆರೆದೇ ಕುಳಿತಿದ್ದರು. ಆ ಅಧ್ಯಾಯದಲ್ಲಿ, ರೂತಳು ಅತ್ತೆ ನೊವೊಮಿಯನ್ನು ಸಾಕಲು ಹಕ್ಕಲಾಯಲು (ಕೊಯ್ಲಿನಲ್ಲಿ ಬಿದ್ದುಳಿದ ತೆನೆ ಆರಿಸಿಕೊಳ್ಳಲು) ಬಂದವಳೆಂದು ಹೊಲದ ಧಣಿ ಬೋವಜನಿಗೆ ಗೊತ್ತಿತ್ತು. “ಮೇಡಂ, ಅವಳು ಊಟ ಮುಗಿಸಿ ಏಳುವವರೆಗೆ ಕಾದು ಬೋವಜ ತನ್ನ ಆಳುಗಳಿಗೆ ಹೇಳುತ್ತಾನೆ, ಕಟ್ಟಿದ ಸಿವುಡಿನಿಂದ ತೆನೆ ಎಳೆದು ಅವಳಿಗಾಗಿ ಬಿಡಿ, ಅವಳನ್ನು ಗದರಿಸಬೇಡಿ ಅಂತ,” ಎಂದರು. ತುಂಬ ಹೊತ್ತು ಸುಮ್ಮನಿದ್ದು, “ಹಾಗಾದರೆ ಪ್ರತಿ ಸಲ ಆ ತಾಯಿ ನನ್ನ ಮೇಜಿನ ಎದುರು ಬಂದು ನಿಂತು ಬೇಡುವ ಹಾಗೆ ಮಾಡಿದವನು ನಾನೇ ಅಲ್ಲವೇ?” ಎಂದರು.

ಆಪ್ತಸಲಹೆಗೆ ಧರ್ಮಗ್ರಂಥವನ್ನು ಏಕೆ ತಂದಿರಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ಅಧ್ಯಾಯ ತೋರಿಸಿದವಳು ನಾನು, ಆದರೆ ಧರ್ಮಗ್ರಂಥವನ್ನು ಮನಸ್ಸಿನಲ್ಲಿ ಆ ಗೃಹಸ್ಥರೇ ಹೊತ್ತು ತಂದಿದ್ದರು; ಅದನ್ನು ಬದಿಗಿರಿಸಿ ಮಾತಾಡಿದ್ದರೆ ಅವರೊಡನೆ ಅರ್ಧ ಮಾತ್ರ ಮಾತಾಡಿದಂತಾಗುತ್ತಿತ್ತು. ಬಡವರಿಗಾಗಿ ಗದ್ದೆಯ ಅಂಚನ್ನು ಕೊಯ್ಯದೆ ಬಿಡುವುದು ಬೈಬಲಿನ ಯಾಜಕಕಾಂಡದಲ್ಲಿ ಧಣಿಯ ಇಷ್ಟಕ್ಕೆ ಬಿಟ್ಟ ದಯೆಯಾಗಿರದೆ ಕಟ್ಟಳೆಯಾಗಿದೆ. ಕೇಳಿ ಪಡೆಯಬೇಕಾದ ದಯೆಯು ಕೇಳುವವರನ್ನು ದಿನದಿನವೂ ಕುಗ್ಗಿಸುತ್ತದೆ ಎಂಬುದನ್ನು ನಾನು ನಂಬಿದ್ದೇನೆ.

ಆದ್ದರಿಂದ ನಾನು ಕೊಟ್ಟ ಸಲಹೆ ಲೆಕ್ಕಾಚಾರದ್ದು. ಸುಲಿಯುವ ಕೂಲಿ ಕಿಲೋ ಲೆಕ್ಕದ್ದಾದ್ದರಿಂದ ಆಕೆ ಬೇಗ ಹೋದರೆ ಕೂಲಿ ಪೋಲಾಗುವುದಿಲ್ಲ. ತೊಂದರೆಯಿರುವುದು ಬೋರ್ಮಾದಿಂದ (ತಿರುಳನ್ನು ಒಣಗಿಸುವ ಬಿಸಿಗೂಡಿನಿಂದ) ಇಳಿಸಿದ ತಿರುಳು ತೇವ ಹಿಡಿಯುವ ಮೊದಲೇ ಸುಲಿದು ಮುಗಿಸುವುದರಲ್ಲಿ. ಬೆಳಗಿನ ಬೋರ್ಮಾದ ಪಾಲನ್ನು ಆಕೆಗೆ ಗೊತ್ತುಮಾಡಿ, ಮನೆಯಲ್ಲಿ ಆರೈಕೆಯ ಹೊಣೆಯಿರುವ ಯಾರಿಗಾದರೂ ಇದೇ ಏರ್ಪಾಡು ಸಲ್ಲುತ್ತದೆಂದು ಬರೆದು ಹಾಕಿ, ಕಾರಣ ಕೇಳದೆ ಹೆಸರು ಬರೆಸಿಕೊಳ್ಳಿ ಎಂದೆ. ಮಧ್ಯಾಹ್ನದ ಪಾಲು ಉಳಿದವರ ಮೇಲೆ ಬೀಳದಂತೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬೇಕು, ಆ ಖರ್ಚು ಧಣಿಯದೇ ಎಂದೂ ಹೇಳಿದೆ. ತೆನೆ ಹೋದದ್ದು ಬೋವಜನ ಸಿವುಡಿನಿಂದ.

ಎರಡು ತಿಂಗಳ ಬಳಿಕ ಅವರು ಬಂದಾಗ ಪಟ್ಟಿಯಲ್ಲಿ ಎರಡು ಹೆಸರಿತ್ತು. ಎರಡನೆಯದು ಹೆಚ್ಚು ಗೊಣಗುತ್ತಿದ್ದ ಹೆಂಗಸಿನದು. ಆಕೆಯ ತಂದೆ ಹಾಸಿಗೆ ಹಿಡಿದು ನಾಲ್ಕು ವರ್ಷವಾಗಿತ್ತು.